ಸೇರು ಯಾರ ಕೈಯಲ್ಲಿದೆ? ಡೇಟಾಬೇಸ್ ಲೈಸೆನ್ಸ್ ಅಳತೆಯ ಕಥೆ

ಪುಣೆ, ಹೈದರಾಬಾದ್, ಚೆನ್ನೈನಲ್ಲಿ ಡೇಟಾಬೇಸ್ ಕೆಲಸ ಮಾಡೋ ನಮ್ಮವರಿಗೆ "ಲೈಸೆನ್ಸ್ ಆಡಿಟ್ ಬಂದಿದೆ" ಅಂದ್ರೆ ಸಾಕು, ಹೊಟ್ಟೆಯೊಳಗೆ ಕಸಿವಿಸಿ. ಕದ್ದಿಲ್ಲ, ದುಡ್ಡು ಕೊಟ್ಟೇ ತಗೊಂಡಿದ್ದೀವಿ. ಮತ್ಯಾಕೆ ಹೆದರಿಕೆ? ನನ್ನ ಪ್ರಕಾರ ಈ ಜಗಳ ಕಳ್ಳತನದ್ದಲ್ಲ, ಅಳತೆಯದ್ದು.

ಮೊದಲು ಐಬಿಎಂ ಯಂತ್ರ ಕೊಂಡರೆ ಸಾಫ್ಟ್‌ವೇರ್ ಜೊತೆಯಲ್ಲೇ ಬರ್ತಿತ್ತು. 1969ರಲ್ಲಿ ಆ ಕಂಪನಿ ಎರಡನ್ನೂ ಬೇರ್ಪಡಿಸಿ ಬೆಲೆ ಕಟ್ಟುವುದಾಗಿ ಘೋಷಿಸಿತು. ಮರುವರ್ಷ ಅಲ್ಲಿನ ಎಡ್ಗರ್ ಕಾಡ್ ರಿಲೇಶನಲ್ ಮಾದರಿಯ ಪ್ರಬಂಧ ಪ್ರಕಟಿಸಿದರು. ಆ ವಿಚಾರವನ್ನು ಸರಕಾಗಿಸಿದವರಲ್ಲಿ ಮುಖ್ಯರು ಲ್ಯಾರಿ ಎಲಿಸನ್, ಬಾಬ್ ಮೈನರ್, ಎಡ್ ಓಟ್ಸ್. 1977ರಲ್ಲಿ ಅವರು ಕಟ್ಟಿದ ಕಂಪನಿಯೇ ಮುಂದೆ ಒರಾಕಲ್ ಆಯಿತು.

ಸರಕೇನೋ ಆಯಿತು, ಅಳೆಯೋದು ಹೇಗೆ? ಅಕ್ಕಿಗಾದರೆ ಸೇರು, ಪಾವು ಇದೆ. ಇಲ್ಲಿ ಬಳಕೆದಾರರ ತಲೆ ಎಣಿಸುತ್ತಿದ್ದರು. ಇಂಟರ್ನೆಟ್ ಬಂದ ಮೇಲೆ ತಲೆ ಲೆಕ್ಕಕ್ಕೆ ಸಿಗಲಿಲ್ಲ. ಆಗ ಒರಾಕಲ್ ಪ್ರೊಸೆಸರಿನ ಮೆಗಾಹರ್ಟ್ಸ್‌ಗೆ ಬೆಲೆ ಕಟ್ಟಿತು. ಚಿಪ್ ವೇಗವಾದಷ್ಟೂ ಬಿಲ್ ಏರುವ ಪದ್ಧತಿ ಅದು. 2001ರಲ್ಲಿ ಅದನ್ನು ಬಿಟ್ಟು ಪ್ರೊಸೆಸರ್ ಎಣಿಸೋಕೆ ಶುರು ಮಾಡಿತು. ಕೆಲವೇ ವರ್ಷಗಳಲ್ಲಿ ಒಂದೇ ಚಿಪ್ಪಿನೊಳಗೆ ಎರಡು, ನಾಲ್ಕು ಕೋರ್ ಬಂದವು. ಹಾಗಾಗಿ ಕೋರ್ ಫ್ಯಾಕ್ಟರ್ ಪಟ್ಟಿ ಬಂತು. ಸಾಮಾನ್ಯ ಇಂಟೆಲ್ ಕೋರ್‌ಗೆ 0.5, ಅಂದರೆ 16 ಕೋರಿನ ಸರ್ವರ್‌ಗೆ 8 ಲೈಸೆನ್ಸ್. ಎಂಟರ್‌ಪ್ರೈಸ್ ಎಡಿಷನ್ ಪಟ್ಟಿಬೆಲೆ ತಲಾ 47,500 ಡಾಲರ್. ಒಟ್ಟು 3,80,000 ಡಾಲರ್!

ಆಮೇಲೆ ವರ್ಚುವಲ್ ಮಷೀನ್ ಬಂದು ಅಳತೆಯೇ ಎಡವಿತು. ಡೇಟಾಬೇಸ್ ಇವತ್ತು ಈ ಸರ್ವರಿನಲ್ಲಿ, ನಾಳೆ ಪಕ್ಕದ್ದರಲ್ಲಿ. 2015ರಲ್ಲಿ ಚಾಕೊಲೇಟ್ ಕಂಪನಿ ಮಾರ್ಸ್ ಇದೇ ವಿಷಯಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಕೋರ್ಟಿಗೆ ಹೋಯಿತು. ವಿಎಂವೇರ್‌ನಲ್ಲಿ ಡೇಟಾಬೇಸ್ ಓಡಬಹುದಾದ ಸರ್ವರುಗಳಿಗೆಲ್ಲ ಲೈಸೆನ್ಸ್ ಬೇಕು ಅನ್ನೋದು ಒರಾಕಲ್ ವಾದ. ಓಡುತ್ತಿರುವಷ್ಟಕ್ಕೆ ಮಾತ್ರ ಅನ್ನೋದು ಮಾರ್ಸ್ ವಾದ. ಆಡಿಟ್‌ಗೆಂದು 2,33,089 ಪುಟ ದಾಖಲೆ ಕೊಟ್ಟಿದ್ದೇವೆ ಅಂತ ಮಾರ್ಸ್ ಹೇಳಿತು. ಆದರೆ ವರ್ಷ ಮುಗಿಯುವ ಮೊದಲೇ ಕೇಸು ವಾಪಸ್ ಆಯಿತು. ತೀರ್ಪು ಬರಲೇ ಇಲ್ಲ, ಪ್ರಶ್ನೆ ಹಾಗೇ ಉಳೀತು.

ಇದರಲ್ಲಿ ನಮ್ಮಂಥವರ ಪಾತ್ರವೇನು ಅಂತೀರಾ? ರಾತ್ರಿ ಪಾಳಿ, ಕ್ವೆರಿ ನಿಧಾನ, ಮ್ಯಾನೇಜರ್ ಕಾಲ್‌ನಲ್ಲಿ. ಯಾರೋ ಒಬ್ಬರು ಎಡಬ್ಲ್ಯೂಆರ್ ರಿಪೋರ್ಟ್ ತೆಗೀತಾರೆ. ಅದಕ್ಕೆ ಡಯಾಗ್ನಾಸ್ಟಿಕ್ಸ್ ಪ್ಯಾಕ್ ಅನ್ನೋ ಪ್ರತ್ಯೇಕ ಲೈಸೆನ್ಸ್ ಬೇಕು. ಎಂಟರ್‌ಪ್ರೈಸ್ ಎಡಿಷನ್‌ನಲ್ಲಿ ಆ ಬಾಗಿಲು ಡೀಫಾಲ್ಟ್ ಆಗಿಯೇ ತೆರೆದಿರುತ್ತೆ. ಯಾರೂ ತಡೆಯಲ್ಲ, ಆದರೆ ಫೀಚರ್ ಬಳಕೆಯ ಪಟ್ಟಿಯಲ್ಲಿ ಡೇಟಾಬೇಸೇ ಬರೆದಿಟ್ಟುಕೊಳ್ಳುತ್ತೆ. ಆಡಿಟರ್ ಸ್ಕ್ರಿಪ್ಟ್ ಓಡಿಸಿದಾಗ ಹೊರಗೆ ಬರೋದು ಆ ಸಾಲು.

ಒರಾಕಲ್‌ನ ಮಾಮೂಲಿ ಒಪ್ಪಂದದಲ್ಲಿ ಆಡಿಟ್‌ಗೆ 45 ದಿನದ ಲಿಖಿತ ನೋಟಿಸ್ ಅಂತಿದೆ. ಅಷ್ಟು ದಿನದಲ್ಲಿ ವರ್ಷಗಳ ಲೆಕ್ಕ ಸರಿಮಾಡೋದು ಕಷ್ಟ. ಹಾಗಾಗಿ ನಾನು ಹೇಳೋದು ಮೂರೇ. ಪ್ಯಾಕ್ ಕೊಂಡಿಲ್ಲವಾದರೆ ಕಂಟ್ರೋಲ್ ಮ್ಯಾನೇಜ್‌ಮೆಂಟ್ ಪ್ಯಾಕ್ ಆಕ್ಸೆಸ್ ಪ್ಯಾರಾಮೀಟರನ್ನು 'ನನ್' ಮಾಡಿ. ಮೂರು ತಿಂಗಳಿಗೊಮ್ಮೆ ಫೀಚರ್ ಬಳಕೆಯ ಪಟ್ಟಿ ನೀವೇ ನೋಡಿ. ಆಡಿಟರ್ ಪಾರ್ಟಿಷನಿಂಗ್ ಪಾಲಿಸಿ ಪಿಡಿಎಫ್ ತೋರಿಸಿದರೆ ಅದರ ಅಡಿಟಿಪ್ಪಣಿ ಓದಿ: ಇದು ಮಾಹಿತಿಗಾಗಿ ಮಾತ್ರ, ಒಪ್ಪಂದದ ಭಾಗವಲ್ಲ ಅಂತ ಅಲ್ಲೇ ಬರೆದಿದೆ. ಹಾಗಾದರೆ ನಿಮ್ಮ ಕಂಪನಿ ಸಹಿ ಹಾಕಿದ ಒಪ್ಪಂದ ಎಲ್ಲಿದೆ? ಸೋಮವಾರ ಆಫೀಸಿಗೆ ಹೋದ ತಕ್ಷಣ ಮೊದಲು ಅದನ್ನು ಹುಡುಕಿ.