ಶಾಲೆಯಲ್ಲಿ ಕಾಟ: ಮಗು ಹೇಳಿದ ಮೇಲೆ ಏನು?

ಮಕ್ಕಳ ಜಗಳಕ್ಕೆ ದೊಡ್ಡವರು ತಲೆ ಹಾಕಬಾರದು ಎನ್ನುವುದು ನಮ್ಮಲ್ಲಿ ವಾಡಿಕೆಯ ಮಾತು. ಸರಿಸಮ ಬಲದ ಇಬ್ಬರು ಗೋಲಿಗಾಗಿ ಕಿತ್ತಾಡಿ ಸಂಜೆಯೊಳಗೆ ರಾಜಿಯಾದರೆ ಆ ಮಾತು ಸರಿಯೇ. ಆದರೆ ಒಂದೇ ಮಗುವನ್ನು ಗುರಿಮಾಡಿ ದಿನಾ ಅಡ್ಡಹೆಸರಿನಿಂದ ಕೂಗುವುದು, ಬಿಸಿಯೂಟದ ಸಾಲಿನಲ್ಲಿ ಪಕ್ಕ ಕೂರದೆ ಎದ್ದುಹೋಗುವುದು, ಜಾಮಿಟ್ರಿ ಬಾಕ್ಸ್ ಬಚ್ಚಿಡುವುದು, 'ಅವಳ ಜೊತೆ ಎಲ್ಲರೂ ಟೂ ಬಿಡಬೇಕು, ಮಾತಾಡಿದರೆ ನೋಡಿ' ಎಂದು ಕಟ್ಟಪ್ಪಣೆ ಹೊರಡಿಸುವುದು ಕಾಟ. ಈ ಎರಡರ ನಡುವಿನ ಗೆರೆಯನ್ನು ಸಂಶೋಧಕರು ಗುರುತಿಸಿ ಐವತ್ತು ವರ್ಷ ದಾಟಿದೆ. ಆ ಐವತ್ತು ವರ್ಷಗಳ ದಾರಿಯನ್ನು ಹಿಂತಿರುಗಿ ನೋಡಿದರೆ, ಹೊಣೆ ಕ್ರಮೇಣ ಮಗುವಿನ ಹೆಗಲಿನಿಂದ ದೊಡ್ಡವರ ಹೆಗಲಿಗೆ ಬಂದಿರುವುದು ಕಾಣುತ್ತದೆ.

ಉತ್ತರ ಯುರೋಪಿನ ಮೊದಲ ಹೆಜ್ಜೆಗಳು

1969ರಲ್ಲಿ ಸ್ವೀಡನ್ನಿನ ವೈದ್ಯ ಪೀಟರ್-ಪಾಲ್ ಹೈನೆಮನ್, ಮಕ್ಕಳ ಗುಂಪು ಒಂಟಿ ಮಗುವಿನ ಮೇಲೆ ಮುಗಿಬೀಳುವ ಬಗ್ಗೆ ಲೇಖನ ಬರೆದು ಚರ್ಚೆ ಹುಟ್ಟುಹಾಕಿದರು. ಪ್ರಾಣಿಗಳ ವರ್ತನೆಯ ಅಧ್ಯಯನದಿಂದ ಬಂದ 'ಗುಂಪು ದಾಳಿ'ಯ ಕಲ್ಪನೆ ಅವರ ವಾದದ ಬೆನ್ನಿಗಿತ್ತು. ಅದೇ ದೇಶದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಅದನ್ನು ತರಗತಿಗಳಲ್ಲೇ ಪರೀಕ್ಷಿಸಿದರು. 1973ರಲ್ಲಿ ಸ್ವೀಡಿಷ್‌ನಲ್ಲಿ, 1978ರಲ್ಲಿ ಇಂಗ್ಲಿಷ್‌ನಲ್ಲಿ ಬಂದ ಅವರ ಪುಸ್ತಕ ಈ ಕ್ಷೇತ್ರಕ್ಕೆ ಅಡಿಪಾಯ. ಸಾಮಾನ್ಯವಾಗಿ ಕಾಟ ಕೊಡುವುದು ಇಡೀ ತರಗತಿಯಲ್ಲ, ಇಬ್ಬರು ಮೂವರು ಮಾತ್ರ ಎಂದು ಅವರು ತೋರಿಸಿದರು. ಅವರು ಕೊಟ್ಟ ಮೂರು ಲಕ್ಷಣಗಳು ಇಂದಿಗೂ ಬಳಕೆಯಲ್ಲಿವೆ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಮತ್ತು ಎದುರಿಸಲಾಗದಷ್ಟು ಬಲದ ಅಂತರ.

1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ಪ್ರಾಣ ಕಳೆದುಕೊಂಡರು. ಸಹಪಾಠಿಗಳ ಕಾಟವೇ ಅದಕ್ಕೆ ಕಾರಣವಿರಬೇಕೆಂಬ ಸುದ್ದಿ ದೇಶವನ್ನು ಅಲುಗಾಡಿಸಿತು. ಮರುವರ್ಷವೇ ಅಲ್ಲಿನ ಸರ್ಕಾರ ರಾಷ್ಟ್ರವ್ಯಾಪಿ ಆಂದೋಲನ ಕೈಗೊಂಡಿತು. ಅದರ ಭಾಗವಾಗಿ ಓಲ್ವೇಯಸ್ ಬರ್ಗನ್ ನಗರದ 42 ಶಾಲೆಗಳ ಸುಮಾರು 2,500 ವಿದ್ಯಾರ್ಥಿಗಳ ನಡುವೆ ಕೆಲಸ ಮಾಡಿದರು. ಎರಡು ವರ್ಷಗಳಲ್ಲಿ ಕಾಟದ ದೂರುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಅವರ ಪ್ರಶ್ನಾವಳಿಯಲ್ಲಿ ಹೆಸರು ಬರೆಯುವಂತಿರಲಿಲ್ಲ. ಕಾಟ ಎಂದರೇನೆಂಬ ವಿವರಣೆ ಮೊದಲು, ಪ್ರಶ್ನೆ ಆಮೇಲೆ. ತನಗಾಗುತ್ತಿರುವುದನ್ನು ಮಗು ಗುರುತಿಸಬೇಕಾದರೆ ಅದನ್ನು ಮೊದಲು ಯಾರಾದರೂ ವಿವರಿಸಿ ಹೇಳಿರಬೇಕು ಎಂಬ ತಿಳಿವು ಆ ಕ್ರಮದಲ್ಲೇ ಅಡಗಿತ್ತು.

ಮಕ್ಕಳ ಕಣ್ಣಿಗೆ ಕಂಡದ್ದು

ದೊಡ್ಡವರ ವ್ಯಾಖ್ಯೆ ಮಕ್ಕಳಿಗೂ ಹಾಗೇ ಹೊಳೆಯುತ್ತದೆಯೇ? ಇಂಗ್ಲೆಂಡಿನ ಪೀಟರ್ ಕೆ. ಸ್ಮಿತ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಹದಿನಾಲ್ಕು ದೇಶಗಳ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಕಡ್ಡಿಯಂಥ ಮನುಷ್ಯರ 25 ಸರಳ ಚಿತ್ರಗಳನ್ನು 8 ಮತ್ತು 14 ವರ್ಷದ ಮಕ್ಕಳ ಮುಂದಿಟ್ಟು, ಯಾವುದು ಕಾಟ, ಯಾವುದಲ್ಲ ಎಂದು ಕೇಳಿದರು. ಒಂದರಲ್ಲಿ ಇಬ್ಬರು ಹೊಡೆದಾಡುತ್ತಾರೆ, ಇನ್ನೊಂದರಲ್ಲಿ ಒಬ್ಬಳನ್ನು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಹದಿನಾಲ್ಕರವರು ಜಗಳ, ಬೈಗುಳ, ಹೊಡೆತ, ಹೊರಗಿಡುವಿಕೆಗಳನ್ನು ಬೇರೆಬೇರೆ ಮಾಡಿ ನೋಡಿದರು. ಎಂಟರವರು ಬಹುಮಟ್ಟಿಗೆ ಕೆಟ್ಟದ್ದು, ಕೆಟ್ಟದ್ದಲ್ಲದ್ದು ಎಂದು ಎರಡೇ ಪಾಲು ಮಾಡಿದರು. ಆದ್ದರಿಂದ ಮೂರನೇ ತರಗತಿಯ ಮಗುವಿಗೆ ವ್ಯಾಖ್ಯೆ ಬಾಯಿಪಾಠ ಮಾಡಿಸಿದರೆ ಸಾಲದು, ಸನ್ನಿವೇಶಗಳನ್ನು ಒಂದೊಂದಾಗಿ ಮುಂದಿಟ್ಟು ಮಾತಾಡಿಸಬೇಕು.

ದೊಡ್ಡವರಿಗೂ ಎಲ್ಲವೂ ಕಾಣುತ್ತಿರಲಿಲ್ಲ. ಆರಂಭದ ಸಂಶೋಧನೆ ಹುಡುಗರ ಹೊಡೆದಾಟದ ಸುತ್ತಲೇ ತಿರುಗುತ್ತಿತ್ತು. ಗಾಳಿಸುದ್ದಿ ಹಬ್ಬಿಸುವುದು, ಗೆಳತಿಯರನ್ನು ಒಡೆಯುವುದು, ಗುಂಪಿನಿಂದ ಹೊರಹಾಕುವುದು ಕೂಡ ಹಿಂಸೆಯೇ ಎಂದು ಫಿನ್ಲೆಂಡಿನ ಕಿರ್ಸ್ಟಿ ಲಾಗರ್‌ಸ್ಪೆಟ್ಸ್, ಕಾಯ್ ಬ್ಯೋರ್ಕ್‌ವಿಸ್ಟ್ ಮೊದಲಾದವರು 1988ರ ಅಧ್ಯಯನದಲ್ಲಿ ಹೇಳಿದ ಮೇಲೆ ಮೈಮೇಲೆ ಗಾಯ ಬೀಳದ ನೋವೂ ಲೆಕ್ಕಕ್ಕೆ ಬಂತು. ಮೊಬೈಲ್ ಬಂದ ಮೇಲೆ ಅದೇ ನೋವು ಶಾಲೆಯ ಗೇಟು ದಾಟಿ ಮನೆಯೊಳಗೆ, ಹಾಸಿಗೆಯವರೆಗೂ ಹಿಂಬಾಲಿಸತೊಡಗಿತು.

ನೋಡುತ್ತ ನಿಂತವರು

ಕೆನಡಾದ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ಮತ್ತು ಸಂಗಡಿಗರು ಟೊರಾಂಟೊ ಶಾಲೆಗಳ ಆಟದ ಬಯಲನ್ನು ದೂರದ ಕ್ಯಾಮೆರಾ ಹಾಗೂ ಮಕ್ಕಳ ಮೈಮೇಲಿನ ಪುಟ್ಟ ಮೈಕ್‌ಗಳ ಮೂಲಕ ದಾಖಲಿಸಿದರು. 2001ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಹತ್ತರಲ್ಲಿ ಸುಮಾರು ಒಂಬತ್ತು ಪ್ರಸಂಗಗಳಲ್ಲಿ ಬೇರೆ ಮಕ್ಕಳು ಹತ್ತಿರವೇ ಇದ್ದರು. ಅಡ್ಡ ಬಂದು ಬಿಡಿಸಿದವರು ಕಡಿಮೆ. ಆದರೆ ಯಾರಾದರೂ ಅಡ್ಡ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಕಾಟ ಹತ್ತು ಸೆಕೆಂಡುಗಳಲ್ಲಿ ನಿಂತುಹೋಯಿತು.

ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲ್ಲಿ 1996ರಲ್ಲೇ ಈ ಸುತ್ತಲಿನವರ ಪಾತ್ರಗಳನ್ನು ವಿಂಗಡಿಸಿದ್ದರು: ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಸುಮ್ಮನೆ ಇರುವವರು, ಪರವಾಗಿ ನಿಲ್ಲುವವರು. ಇದರ ಮೇಲೆಯೇ ತುರ್ಕು ವಿಶ್ವವಿದ್ಯಾಲಯದಲ್ಲಿ 'ಕಿವಾ' ಕಾರ್ಯಕ್ರಮ ರೂಪುಗೊಂಡು 2009ರಿಂದ ದೇಶದಾದ್ಯಂತ ಶಾಲೆಗಳಿಗೆ ಹೋಯಿತು. ದೂರು ಬಂದಾಗ ಶಾಲೆಯ ನಿಗದಿತ ಶಿಕ್ಷಕರ ತಂಡ ಮೊದಲು ನೊಂದ ಮಗುವಿನೊಡನೆ, ಆಮೇಲೆ ಕಾಟ ಕೊಟ್ಟ ಒಬ್ಬೊಬ್ಬರೊಡನೆಯೂ ಪ್ರತ್ಯೇಕವಾಗಿ ಮಾತಾಡುತ್ತದೆ. ತರಗತಿ ಶಿಕ್ಷಕರು ಎಲ್ಲರ ಮೆಚ್ಚುಗೆಯ ಕೆಲವು ಮಕ್ಕಳನ್ನು ಕರೆದು 'ಅವನ ಜೊತೆಗಿರಿ' ಎನ್ನುತ್ತಾರೆ. ಕೆಲ ದಿನಗಳ ನಂತರ ತಂಡ ಎಲ್ಲರನ್ನೂ ಮತ್ತೆ ಕಂಡು, ನಿಂತಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತದೆ. ಈ ಕೊನೆಯ ಹೆಜ್ಜೆಯನ್ನೇ ಬಹಳ ಶಾಲೆಗಳು ಮರೆಯುತ್ತವೆ.

ಹೇಳಿದ ಮೇಲೆ

ಕಾಟಕ್ಕೆ ಸಿಕ್ಕ ಮಕ್ಕಳು ಹೇಳುತ್ತಾರೆಯೇ? ಇಂಗ್ಲೆಂಡಿನ ಶಾಲೆಗಳಲ್ಲಿ ಸ್ಮಿತ್ ಮತ್ತು ಶೂ ನಡೆಸಿ 2000ದಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೊಂದವರ ಪೈಕಿ ಸುಮಾರು ಶೇ 30ರಷ್ಟು ಮಕ್ಕಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಹುಡುಗರು, ಅದರಲ್ಲೂ ದೊಡ್ಡ ತರಗತಿಯವರು ಇನ್ನೂ ಹಿಂಜರಿಯುತ್ತಾರೆ. 'ಚಾಡಿಕೋರ' ಎನ್ನಿಸಿಕೊಳ್ಳುವ ಅವಮಾನ, ಕಾಟ ಹೆಚ್ಚೀತೆಂಬ ಭಯ, ಹೇಳಿದರೂ ಏನೂ ಆಗದೆಂಬ ಅನುಭವ ಅವರ ಬಾಯಿ ಕಟ್ಟುತ್ತವೆ.

ಆ ಅನುಭವಕ್ಕೆ ಅತ್ಯಂತ ಕಹಿ ಸಾಕ್ಷಿ ಜಪಾನಿನದು. 1986ರಲ್ಲಿ ಟೋಕಿಯೊದ ಶಾಲೆಯೊಂದರ ಹುಡುಗ ಸಾವಿಗೀಡಾದ ಬಳಿಕ ತಿಳಿದದ್ದೇನೆಂದರೆ, ಸಹಪಾಠಿಗಳು ಅವನಿಗೆ ಅಣಕು ಶವಸಂಸ್ಕಾರ ನಡೆಸಿದ್ದಾಗ ಕೆಲವು ಶಿಕ್ಷಕರೂ ಸಂತಾಪದ ಕಾರ್ಡಿಗೆ ಸಹಿ ಹಾಕಿದ್ದರು. 2013ರಲ್ಲಿ ಜಪಾನ್ ಇದಕ್ಕೆಂದೇ ಪ್ರತ್ಯೇಕ ಕಾನೂನು ಮಾಡಿತು.

ಯಾವ ಕ್ರಮ ಫಲ ಕೊಡುತ್ತದೆ ಎಂಬ ಪ್ರಶ್ನೆಗೆ ಮರಿಯಾ ಟೋಫಿ ಮತ್ತು ಡೇವಿಡ್ ಫ್ಯಾರಿಂಗ್ಟನ್ 2011ರಲ್ಲಿ ಉತ್ತರಿಸಿದರು. 44 ಕಾರ್ಯಕ್ರಮಗಳ ಫಲಿತಾಂಶ ಕಲೆಹಾಕಿದಾಗ ಕಾಟ ಕೊಡುವುದು ಸರಾಸರಿ ಶೇ 20ರಿಂದ 23ರಷ್ಟು ಇಳಿದಿತ್ತು. ಆಟದ ಬಯಲಿನ ಮೇಲ್ವಿಚಾರಣೆ, ಪೋಷಕರ ಸಭೆಗಳು ಇದ್ದ ಕಡೆ ಪರಿಣಾಮ ಹೆಚ್ಚು. ತೀರ್ಪಿನ ಕೆಲಸವನ್ನು ಓರಗೆಯ ಮಕ್ಕಳಿಗೇ ಬಿಟ್ಟಲ್ಲಿ ಕೆಲವೊಮ್ಮೆ ಕೆಡುಕೇ ಆಯಿತು. ಕಾಟ ಬಾಲ್ಯಕ್ಕೇ ಮುಗಿಯುವುದಿಲ್ಲ ಎಂಬುದೂ ಈಗ ಗೊತ್ತಿದೆ. 1958ರಲ್ಲಿ ಹುಟ್ಟಿದ ಬ್ರಿಟನ್ನಿನ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ 2014ರಲ್ಲಿ ತೋರಿಸಿದಂತೆ, ನಡುವಯಸ್ಸಿನಲ್ಲೂ ಖಿನ್ನತೆ, ಆತಂಕಗಳಲ್ಲಿ ಅದರ ಗುರುತು ಉಳಿದಿತ್ತು.

ನಮ್ಮಲ್ಲಿ

ನಮ್ಮ ಕಾನೂನು ಹೆಚ್ಚಾಗಿ ಬೆಳೆದದ್ದು ಕಾಲೇಜಿನ ರ‍್ಯಾಗಿಂಗ್ ಸುತ್ತ. 2007ರ ರಾಘವನ್ ಸಮಿತಿ ವರದಿ, 2009ರ ಯುಜಿಸಿ ನಿಯಮಗಳು ಆ ದಾರಿಯವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸಿತು. 2015ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಕಾಟ ತಡೆಯುವ ಸಮಿತಿ ರಚಿಸಲು ಸೂಚಿಸಿತು. 1996ರಲ್ಲಿ ಮುಂಬೈಯಲ್ಲಿ ಶುರುವಾದ 1098 ಇಂದು ದೇಶದ ಮಕ್ಕಳ ಸಹಾಯವಾಣಿ. 2022ರಲ್ಲಿ ಆರಂಭವಾದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆ ಮಕ್ಕಳು ಬಾಯಿ ಬಿಡಲು ಸಿಕ್ಕ ಒಳ್ಳೆಯ ವೇದಿಕೆ. ಆದರೂ ನಾಲ್ಕನೇ ತರಗತಿಯ ಮಗುವನ್ನು ಬಣ್ಣಕ್ಕಾಗಿ, ಜಾತಿಗಾಗಿ, ಮಾತಿನ ಧಾಟಿಗಾಗಿ ಹಂಗಿಸುವುದು ನಮ್ಮ ಬಹುಪಾಲು ಶಾಲೆಗಳಲ್ಲಿ ಇನ್ನೂ ತಮಾಷೆಯ ಲೆಕ್ಕಕ್ಕೇ ಸೇರಿದೆ.

ಐವತ್ತು ವರ್ಷಗಳ ದುಡಿಮೆಯಿಂದ ಪೋಷಕರು ಮತ್ತು ಶಿಕ್ಷಕರು ಪಡೆಯಬೇಕಾದ ಪಾಠ ಸರಳ. ಕಾರಣವಿಲ್ಲದ ಬೆಳಗಿನ ಹೊಟ್ಟೆನೋವು, ಪದೇ ಪದೇ ಕಳೆದುಹೋಗುವ ಪೆನ್ನು, ಶಾಲೆಗೆ ಹೋಗುವುದಿಲ್ಲವೆಂಬ ದಿಢೀರ್ ಹಟ ಕಂಡರೆ ಗದರಿಸದೆ ವಿಚಾರಿಸಿ. ಇನ್ನೊಬ್ಬರನ್ನು ಸಿಕ್ಕಿಸಲು ಹೇಳುವುದು ಚಾಡಿ, ನೋವಿನಿಂದ ಪಾರಾಗಲು ಹೇಳುವುದು ಸಹಾಯ ಕೇಳುವುದು ಎಂದು ತಿಳಿಸಿಕೊಡಿ. 'ನೀನೂ ನಾಲ್ಕು ಬಾರಿಸು' ಎನ್ನಬೇಡಿ. ಹೇಳಿದ್ದನ್ನು ಪೂರ್ತಿ ಕೇಳಿ, ತಪ್ಪು ನಿನ್ನದಲ್ಲ ಎನ್ನಿ, ಮುಂದೇನು ಮಾಡುತ್ತೀರೆಂದು ಮಗುವಿಗೆ ಮೊದಲೇ ಹೇಳಿ, ವಾರದ ಮೇಲೆ ಮತ್ತೆ ವಿಚಾರಿಸಿ. ಮೊಬೈಲಿನಲ್ಲಿ ಬಂದದ್ದನ್ನು ಅಳಿಸದೆ ಇಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿಯ 1098 ಮತ್ತು ಟೆಲಿ-ಮಾನಸ್‌ನ 14416 ಎಂಬ ಎರಡು ಸಂಖ್ಯೆಗಳನ್ನು ಮಗುವಿನ ಪುಸ್ತಕದ ಹಿಂಬದಿಯಲ್ಲಿ ಇಂದೇ ಬರೆದುಕೊಡಿ. ಮಗುವಿಗೆ ಹೇಳಲು ಕಲಿಸುವ ಮುನ್ನ ನಾವು ಕೇಳಲು ಕಲಿಯೋಣ.