ಕಾಲುಗುರುಗಳ ಆರೈಕೆ

ಕಾಲುಗುರುಗಳ ಆರೈಕೆ ಎಂದರೆ ಕಾಲ್ಬೆರಳಿನ ಉಗುರುಗಳನ್ನು ಮನೆಯಲ್ಲಿಯೇ ಸ್ವಚ್ಛವಾಗಿ, ಒಣಗಿದ ಸ್ಥಿತಿಯಲ್ಲಿ ಹಾಗೂ ಸರಿಯಾದ ಅಳತೆಯಲ್ಲಿ ಇಟ್ಟುಕೊಳ್ಳುವ ಕ್ರಮ. ಶಿಲೀಂಧ್ರ ಸೋಂಕು, ಉಗುರುಸುತ್ತು ಮತ್ತು ಉಗುರು ಮಾಂಸದೊಳಗೆ ಬೆಳೆಯುವುದನ್ನು ತಡೆಯಲು ಇದು ನೆರವಾಗುತ್ತದೆ.

ರಚನೆ ಮತ್ತು ಬೆಳವಣಿಗೆ

ಉಗುರು ಕೆರಟಿನ್ ಎಂಬ ಗಟ್ಟಿ ಪ್ರೋಟೀನಿನಿಂದ ಆಗಿದೆ. ಅದು ಬುಡದ ಚರ್ಮದಡಿಯಲ್ಲಿರುವ ಜೀವಕೋಶಗಳಿಂದ ಹುಟ್ಟಿ ಮುಂದಕ್ಕೆ ಸಾಗುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆದರೆ, ಕಾಲುಗುರು ಸುಮಾರು 1.5 ಮಿ.ಮೀ. ಮಾತ್ರ ಬೆಳೆಯುತ್ತದೆ. ಕಳಚಿಹೋದ ಹೆಬ್ಬೆರಳಿನ ಉಗುರು ಪೂರ್ತಿಯಾಗಿ ಮರಳಿ ಬರಲು 12ರಿಂದ 18 ತಿಂಗಳು ಬೇಕಾಗುತ್ತದೆ.

ತೊರಗಲ್ ಪ್ರದೇಶದಲ್ಲಿ

ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಎರೆಭೂಮಿ ವ್ಯಾಪಕವಾಗಿದೆ. ಎರೆಮಣ್ಣು ನೆನೆದಾಗ ಜಿಗುಟಾಗಿ ಉಗುರಿನ ಸಂದಿಗಳಲ್ಲಿ ಅಂಟಿಕೊಂಡು ತೇವವನ್ನು ಹಿಡಿದಿಡುತ್ತದೆ. ನೀರು ಹಾಯಿಸಿದ ಕಬ್ಬಿನ ಹೊಲದಲ್ಲಾಗಲಿ, ಕಿತ್ತೂರು ಭಾಗದ ಭತ್ತದ ಗದ್ದೆಯಲ್ಲಾಗಲಿ ಬಹಳ ಹೊತ್ತು ನಿಂತವರ ಉಗುರಿನ ಸುತ್ತಲ ಚರ್ಮ ಮೆತ್ತಗಾಗಿ ಸೋಂಕಿಗೆ ಎಡೆಯಾಗುತ್ತದೆ. ಈ ಭಾಗದಲ್ಲಿ ಬಳಕೆಯಲ್ಲಿರುವ ಚರ್ಮದ ಚಪ್ಪಲಿಯಲ್ಲಿ ಗಾಳಿಯಾಡುತ್ತದೆಯಾದರೂ ಬೆರಳಿನ ತುದಿಗೆ ರಕ್ಷಣೆ ಇರುವುದಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರಿಗಾಲಿನಲ್ಲಿ ನಡೆದು ಬರುವ ಭಕ್ತರಲ್ಲಿ ಕಲ್ಲು ಎಡವಿ ಉಗುರು ಏಳುವುದುಂಟು. ಅಂತಹ ಗಾಯವನ್ನು ಸೋಪು ಮತ್ತು ಶುದ್ಧ ನೀರಿನಿಂದ ತೊಳೆದು, ಶುಭ್ರವಾದ ಬಟ್ಟೆ ಕಟ್ಟಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಮನೆಯಲ್ಲಿ ಅನುಸರಿಸುವ ಕ್ರಮ

• ದಿನವೂ ಸೋಪಿನಿಂದ ಕಾಲು ತೊಳೆದು, ಬೆರಳುಗಳ ಸಂದಿಯನ್ನು ಒಣಬಟ್ಟೆಯಿಂದ ಒರೆಸಬೇಕು.
• ಉಗುರಿನಡಿಯ ಮಣ್ಣನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಬೇಕು. ಪಿನ್ನು, ಮುಳ್ಳು ಅಥವಾ ಬ್ಲೇಡನ್ನು ಬಳಸಬಾರದು.
• ಸ್ನಾನದ ನಂತರ ಉಗುರು ಮೃದುವಾಗಿರುವಾಗ ನೇರವಾಗಿ ಕತ್ತರಿಸಬೇಕು. ಮೂಲೆಗಳನ್ನು ಆಳವಾಗಿ ಕತ್ತರಿಸಿದರೆ ಅಂಚು ಮಾಂಸದೊಳಗೆ ಬೆಳೆಯುತ್ತದೆ.
• ಕಾಲುಂಗುರ ಧರಿಸುವವರು ಅದರ ಅಡಿಯ ಚರ್ಮವನ್ನೂ ತೊಳೆದು ಒಣಗಿಸಬೇಕು.
• ಒಬ್ಬರ ನೇಲ್ ಕಟರ್ ಅನ್ನು ಇನ್ನೊಬ್ಬರು ತೊಳೆಯದೆ ಬಳಸಬಾರದು.

ಸಂಜೆ ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದೆಂಬ ನಂಬಿಕೆ ಹಲವು ಮನೆಗಳಲ್ಲಿದೆ. ಉಗುರಿನ ಅಂಚು ಸರಿಯಾಗಿ ಕಾಣಲು ಒಳ್ಳೆಯ ಬೆಳಕು ಬೇಕು ಎಂಬುದಂತೂ ನಿಜ.

ಸಾಮಾನ್ಯ ತೊಂದರೆಗಳು

ಶಿಲೀಂಧ್ರ ಸೋಂಕಿನಲ್ಲಿ ಉಗುರು ಹಳದಿಯಾಗಿ, ದಪ್ಪವಾಗಿ, ಪುಡಿಯಾಗುತ್ತದೆ. ವೈದ್ಯರು ಪರೀಕ್ಷಿಸಿ ಟರ್ಬಿನಾಫಿನ್ ಮಾತ್ರೆಯನ್ನು ಸೂಚಿಸಿದರೆ ಅದನ್ನು ಸಾಮಾನ್ಯವಾಗಿ 12 ವಾರ ಸೇವಿಸಬೇಕಾಗುತ್ತದೆ. ಔಷಧ ಮುಗಿದ ಮೇಲೂ ಹೊಸ ಉಗುರು ಪೂರ್ತಿ ಬರುವವರೆಗೆ ಹಳೆಯ ವಿಕಾರ ಕಾಣುತ್ತಿರುತ್ತದೆ. ಇದನ್ನು ತಿಳಿಯದೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಸೋಂಕು ಉಳಿಯಲು ಕಾರಣವಾಗುತ್ತದೆ. ಪೆಟ್ಟಾಗದೆ ಉಗುರಿನಲ್ಲಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಬೇಕು. ಅದು ಅಪರೂಪಕ್ಕೆ ಕ್ಯಾನ್ಸರಿನ ಲಕ್ಷಣವಾಗಿರುತ್ತದೆ.

ಮಧುಮೇಹಿಗಳಲ್ಲಿ ಎಚ್ಚರಿಕೆ

ದೀರ್ಘಕಾಲದ ಮಧುಮೇಹದಿಂದ ಪಾದದ ನರಗಳು ಮತ್ತು ರಕ್ತಸಂಚಾರ ಕುಂದುತ್ತವೆ. ಆಗ ಉಗುರು ತೆಗೆಯುವಾಗ ಆದ ಸಣ್ಣ ಗಾಯವೂ ನೋವಿಲ್ಲದೆ ಹುಣ್ಣಾಗಿ, ಕೊಳೆತು, ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಸ್ಥಿತಿ ಬರಬಹುದು. ನೋವಿಲ್ಲದಿರುವುದು ಗಾಯ ಇಲ್ಲವೆಂಬುದರ ಗುರುತಲ್ಲ. ಆದ್ದರಿಂದ ಮಧುಮೇಹಿಗಳು ಪ್ರತಿದಿನ ಪಾದಗಳನ್ನು ಕಣ್ಣಿನಿಂದಲೇ ನೋಡಿ ಪರೀಕ್ಷಿಸಬೇಕು. ದೃಷ್ಟಿ ಮಂದವಾದವರಿಗೆ ಮನೆಯವರು ನೆರವಾಗಬೇಕು. ಅವರು ಬರಿಗಾಲಿನಲ್ಲಿ ನಡೆಯಬಾರದು. ಬಾವು, ಕೀವು ಅಥವಾ ಬಣ್ಣದ ಬದಲಾವಣೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.