ಕೈಯಲ್ಲಿ ಕಟ್ಟಿದ ಬೆಳಕು

ಸಿನಿಮಾ ನೋಡಿ ಬಂದವರು ನಟರನ್ನು ನೆನೆಯುತ್ತಾರೆ, ಹಾಡನ್ನು ಗುನುಗುತ್ತಾರೆ; ದೀಪದ ಮಾತನ್ನು ಎತ್ತುವವರು ವಿರಳ. ಆದರೆ ತೆರೆಯ ಮೇಲೆ ತಾವು ಕಾಣುವ ಮುಖ ಬೆಳಕು ಬರೆದ ಮುಖವೇ ಸರಿ. ಈಚೆಗೆ ನಮ್ಮ ಬೀದಿಯ ಹುಡುಗನೊಬ್ಬ, ಬಯಲಾಟದಲ್ಲಿ ಬಣ್ಣ ಹಚ್ಚುತ್ತಿದ್ದ ತನ್ನ ದೊಡ್ಡಪ್ಪನ ವೇಷವನ್ನು ಚಿತ್ರ ತೆಗೆದಿಡಬೇಕೆಂದು ಹೊರಟ. ಸ್ಟುಡಿಯೋ ದೀಪಗಳ ಬಾಡಿಗೆ ಅವನ ಕೈಗೆ ಎಟುಕದು. ಅಂಗಡಿಯಿಂದ ಎಲ್‌ಇಡಿ ಪಟ್ಟಿ ತಂದು ಹಲಗೆಗೆ ಅಂಟಿಸಿ ಹೊತ್ತಿಸಿದ. ಬೆಳಕೇನೋ ಧಾರಾಳವಾಗಿ ಬಂತು. ಚಿತ್ರದಲ್ಲಿ ಮಾತ್ರ ಹಣೆಯ ಕುಂಕುಮ ಇಟ್ಟಿಗೆಪುಡಿಯಂತೆ ಮಂಕಾಗಿ, ಮುಖ ಜ್ವರದಿಂದ ಎದ್ದವರ ಮುಖದಂತೆ ಹಸಿರುಗಟ್ಟಿತ್ತು. “ಇದು ನನ್ನ ವೇಷಾನೇ ಅಲ್ಲ ಕಣೋ” ಎಂದರು ಮುದುಕರು. ಮತ್ತೊಮ್ಮೆ ವೇಷ ಕಟ್ಟುವ ತ್ರಾಣ ಅವರಲ್ಲಿ ಎಷ್ಟು ದಿನ ಉಳಿದೀತು?

ಕೆಂಪು ಕಳೆದುಹೋಗುವ ಈ ತೊಂದರೆ ಹೊಸದಲ್ಲ, ಹೆಚ್ಚುಕಡಿಮೆ ಸಿನಿಮಾದಷ್ಟೇ ಹಳೆಯದು. ಮೊದಮೊದಲು ಸೂರ್ಯನೇ ದೀಪವಾಗಿದ್ದ. 1893ರಲ್ಲಿ ಅಮೆರಿಕದ ವೆಸ್ಟ್ ಆರೆಂಜಿನಲ್ಲಿ ಎಡಿಸನ್ ಕಟ್ಟಿಸಿದ ಚಿತ್ರಶಾಲೆಗೆ ತೆರೆಯುವ ಮಾಡಿತ್ತು. ಬಿಸಿಲು ಸರಿದಂತೆಲ್ಲ ಇಡೀ ಮನೆಯನ್ನೇ ತಿರುಗಿಸುತ್ತಿದ್ದರು. ಫಾಲ್ಕೆಯವರು 1913ರ ‘ರಾಜಾ ಹರಿಶ್ಚಂದ್ರ’ವನ್ನು ತೆಗೆದದ್ದೂ ಬಿಸಿಲನ್ನು ನೆಚ್ಚಿಯೇ. ಅಮೆರಿಕದಲ್ಲಿ ಅಷ್ಟು ಹೊತ್ತಿಗೆ ಪಾದರಸದ ಆವಿಯ ದೀಪಗಳು ಬಳಕೆಗೆ ಬಂದಿದ್ದವು. ಅವುಗಳ ಬೆಳಕಿನಲ್ಲಿ ಕೆಂಪು ಇಲ್ಲವೆನ್ನುವಷ್ಟು ಕಡಿಮೆ. ಅಂದಿನ ಫಿಲ್ಮಿಗೂ ಕೆಂಪು ಕಾಣುತ್ತಿರಲಿಲ್ಲವಾಗಿ ಆ ದೀಪಕ್ಕೂ ಆ ಫಿಲ್ಮಿಗೂ ಸಂಸಾರ ಹೇಗೋ ಸಾಗಿತು. ನಟಿಯರ ಕೆಂಪು ತುಟಿ ತೆರೆಯ ಮೇಲೆ ಕಪ್ಪಾಗಿ ಮೂಡುತ್ತಿತ್ತು, ಅಷ್ಟೆ. 1920ರ ದಶಕದಲ್ಲಿ ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಿಲ್ಮು ಬಳಕೆಗೆ ಬಂದ ಮೇಲೆ ತಂತಿಯ ಬಲ್ಬುಗಳಿಗೆ ಶುಕ್ರದೆಸೆ. ಅವುಗಳಲ್ಲಿ ಕೆಂಪು ಧಾರಾಳ. ಬಿಸಿಯೂ ಅಷ್ಟೇ ಧಾರಾಳ.

ಇನ್ನು ನಮ್ಮ ದೇಶದ ಕಥೆಗೆ ಬರೋಣ. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರಕ್ಕಾಗಿ ಕಾಶಿಯ ಹಳೆಯ ಮನೆಯ ಅಂಗಳವನ್ನು ಸ್ಟುಡಿಯೋದೊಳಗೇ ಕಟ್ಟಬೇಕಾಯಿತು. ಬಯಲಿನಲ್ಲಿ ಕಟ್ಟಿದರೆ ಮಳೆಯ ಭಯ. ಛಾಯಾಗ್ರಾಹಕ ಸುಬ್ರತ ಮಿತ್ರರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರು ಸಿನಿಮಾ ಕ್ಯಾಮರಾ ಹಿಡಿದದ್ದೇ 21ನೆಯ ವಯಸ್ಸಿನಲ್ಲಿ, ‘ಪಥೇರ್ ಪಾಂಚಾಲಿ’ಗಾಗಿ. ಸ್ಟುಡಿಯೋ ಸಂಪ್ರದಾಯದ ಋಣ ಅವರಿಗಿರಲಿಲ್ಲ. ಅದೇ ಒಳ್ಳೆಯದಾಯಿತೆಂದು ನನಗೆ ತೋರುತ್ತದೆ. ಅಂಥ ಅಂಗಳಕ್ಕೆ ಬೆಳಕು ಮೇಲಿನ ಆಕಾಶದಿಂದ ಇಳಿಯುತ್ತದೆ, ಗೆರೆ ಕೊಯ್ದಂಥ ನೆರಳು ಅಲ್ಲಿಲ್ಲ. ಇಳಿಹೊತ್ತಿನಲ್ಲಿ ತೊಟ್ಟಿಮನೆಯ ಜಗಲಿಯ ಮೇಲೆ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಲ್ಕು ಕಡೆಯಿಂದ ದೀಪ ಬಿಟ್ಟರೆ ಒಂದೊಂದು ಕಂಬಕ್ಕೂ ನಾಲ್ಕು ನೆರಳು! ಕೊನೆಗೆ ಮಿತ್ರರು ಆಕಾಶವಿರಬೇಕಾದ ಜಾಗದಲ್ಲಿ ಬಿಳಿಯ ಬಟ್ಟೆಯನ್ನು ಬಿಗಿದು ಕಟ್ಟಿಸಿ, ದೀಪಗಳನ್ನು ಅದರತ್ತ ತಿರುಗಿಸಿ, ಬಟ್ಟೆಗೆ ತಾಗಿ ಮರಳಿದ ಬೆಳಕಿನಲ್ಲಿ ಚಿತ್ರ ತೆಗೆದರು. ಸ್ಟುಡಿಯೋದ ಅಂಗಳ ಕಾಶಿಯ ಅಂಗಳವೇ ಆಯಿತು. ಖರ್ಚಾದದ್ದು ಬಟ್ಟೆ.

ಮೂರು ವರ್ಷಗಳ ತರುವಾಯ, 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ, ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರು ಕತ್ತಲೆಯ ಸ್ಟುಡಿಯೋದೊಳಗೆ ಬೆಳಕಿನ ಕೋಲೊಂದನ್ನು ಇಳಿಸಿದರು. ಅದು ಹೊರಗಿನ ಬಿಸಿಲು. ಕನ್ನಡಿಗಳೆರಡರ ಮೂಲಕ ಒಳಕ್ಕೆ ಕರೆತಂದದ್ದು. ಕನ್ನಡಿಯಿಂದ ಗೋಡೆಗೆ ಬಿಸಿಲು ಬಿಟ್ಟು ಆಡದ ಮಕ್ಕಳು ಯಾರಿದ್ದಾರೆ?

ಎಲ್‌ಇಡಿಯ ಚರಿತ್ರೆಯಲ್ಲಿ ಒಂದು ವಿನೋದವಿದೆ. ಕಣ್ಣಿಗೆ ಕಾಣುವ ಬೆಳಕಿನ ಮೊದಲ ಬಳಕೆಯೋಗ್ಯ ಎಲ್‌ಇಡಿ ಎಂದು 1962ರಲ್ಲಿ ನಿಕ್ ಹೋಲೋನ್ಯಾಕ್ ಹೊತ್ತಿಸಿದ್ದರ ಬಣ್ಣ ಕೆಂಪೇ. ಪ್ರಖರವಾದ ನೀಲಿ ಬರಲು ಇನ್ನೂ ಮೂವತ್ತು ವರ್ಷ ಹಿಡಿಯಿತು; ಅದನ್ನು ಸಾಧಿಸಿದ ಜಪಾನಿನ ಅಕಸಾಕಿ, ಅಮಾನೊ ಮತ್ತು ಅಲ್ಲಿಯೇ ಹುಟ್ಟಿದ ನಕಾಮುರ ಅವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಈ ನೀಲಿಯ ಮೇಲೆ ಹಳದಿಯ ಲೇಪ ಕೊಟ್ಟರೆ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಆದರೆ ಅಗ್ಗದ ಲೇಪದಲ್ಲಿ ಕೆಂಪು ಸಾಲದು. ದೊಡ್ಡಪ್ಪನ ಕುಂಕುಮ ಮಂಕಾದದ್ದು ಇದರಿಂದಲೇ. ದೀಪದ ಪೊಟ್ಟಣದ ಮೇಲೆ ಸಿ.ಆರ್.ಐ. ಎಂದು 100ಕ್ಕೆ ಇಷ್ಟು ಎಂಬ ಅಂಕಿ ಇರುತ್ತದಷ್ಟೆ. 95ಕ್ಕೆ ಕಡಿಮೆಯಾದರೆ ಮುಖಕ್ಕೆ ಬೇಡವೆಂದೇ ನನ್ನ ಮತ. ಆ ಸರಾಸರಿಯಲ್ಲಿ ಸೇರುವುದು ಎಂಟು ತಿಳಿಬಣ್ಣಗಳು ಮಾತ್ರ. ಗಾಢವಾದ ಕೆಂಪಿನ ಲೆಕ್ಕವನ್ನು ಆರ್.9 ಎಂದು ಬೇರೆ ಕೊಡುತ್ತಾರೆ. ಅಂಗಡಿಯವನನ್ನು ಅದನ್ನೂ ಕೇಳಿ, ಬೇಸರಿಸಿಕೊಂಡರೂ ಚಿಂತೆಯಿಲ್ಲ.

ಹುಡುಗ ಎರಡನೆಯ ಸಲ ಕೇಳಿ ತಂದ. ಮೀಟರಿಗೆ 14.4 ವ್ಯಾಟ್ ಹಿಡಿಯುವ 12 ವೋಲ್ಟಿನ ಪಟ್ಟಿ, 5 ಮೀಟರು. ಒಟ್ಟು 72 ವ್ಯಾಟ್, ಅಂದರೆ 6 ಆಂಪಿಯರ್. 8 ಆಂಪಿಯರಿನ ಅಡಾಪ್ಟರು ಹಾಕಿದ. ನೇರ ವಿದ್ಯುತ್ತಾದ್ದರಿಂದ, ಮನೆಯ ವಿದ್ಯುತ್ತಿನ ಸೆಕೆಂಡಿಗೆ 100 ಬಾರಿಯ ಮಿನುಗು ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಮೂಡುವ ಕಾಟವಿಲ್ಲ. ಹಲಗೆಯ ಬದಲು ಅಲ್ಯೂಮಿನಿಯಂ ತಗಡು. ಎಲ್‌ಇಡಿ ತಾನೇ ಕಾದು ಬೇಗ ಸೊರಗದಂತೆ ಬಿಸಿಯನ್ನು ಅದು ಎಳೆದುಕೊಳ್ಳುತ್ತದೆ. ಪಟ್ಟಿಯ ಕೊನೆ ಮಬ್ಬಾಗದಿರಲಿ ಎಂದು ಎರಡು ತುದಿಗೂ ತಂತಿ ಕೊಟ್ಟ. ಮುಂದೆ ಒಂದು ಗೇಣು ಬಿಟ್ಟು ದೊಡ್ಡಪ್ಪನದೇ ಬಿಳಿ ಪಂಚೆಯನ್ನು ಚೌಕಟ್ಟಿಗೆ ಬಿಗಿದ. ದೀಪವನ್ನು ಮುಖದ ಹತ್ತಿರಕ್ಕೇ ತಂದ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ನೆರಳೂ ಒರಟಾಗುತ್ತದೆ.

ಈ ಸಲ ಕುಂಕುಮ ಕುಂಕುಮವಾಗಿಯೇ ಬಂತು. ಮುದುಕರು ಒಂದು ಗಂಟೆ ಹೊತ್ತು ಬಣ್ಣ ಬೆವರಿನಲ್ಲಿ ಕರಗದಂತೆ ಕುಳಿತು ಅರ್ಥ ಹೇಳಿದರು. ಎಲ್ಲ ಮುಗಿದ ಮೇಲೆ ಚಿತ್ರವನ್ನು ನೋಡಿ, ಬೇರೇನೂ ಹೇಳದೆ, ತಮ್ಮ ಪಂಚೆಯನ್ನು ವಾಪಸು ಕೇಳಿದರು.